ಕೊಲ್ಲಿಯ ಡಾಮರಿಗೆ ಮುಂಗಡ ಕಳಿಸುವ ಮುನ್ನ ನೋಡಬೇಕಾದ ಕಾಗದಗಳು

ಮಳೆ ಬಿಟ್ಟ ಕೂಡಲೇ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ರಸ್ತೆ ಕೆಲಸಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ದುಬೈ, ಶಾರ್ಜಾದಿಂದ ವಾಟ್ಸಾಪಿನಲ್ಲಿ ದರ ಬರುವುದೂ ಆಗಲೇ. 60/70 ದರ್ಜೆಯ ಡಾಮರು, 180 ಕಿಲೋ ಡ್ರಮ್, ಮಂಗಳೂರು ಬಂದರಿಗೆ ಮುಟ್ಟಿಸಿ ಟನ್ನಿಗೆ ಇಷ್ಟು, ಮುಂಗಡ ಇಷ್ಟು ಎಂದಿರುತ್ತದೆ. ದರ ಇಲ್ಲಿನ ರಿಫೈನರಿಯದಕ್ಕಿಂತ ಕಡಿಮೆ. ಕಳಿಸಿದವರು ಎಷ್ಟೋ ಸಲ ನೆಂಟರೋ ಊರಿನವರೋ ಆಗಿರುತ್ತಾರೆ, ಹಾಗಾಗಿ ಸಂಶಯವೂ ಬರುವುದಿಲ್ಲ.

ಇಂಥ ಅಗ್ಗದ ದರಕ್ಕೆ ಹೆಚ್ಚಾಗಿ ಒಂದು ಕಾರಣ ಇರುತ್ತದೆ. ಇರಾನ್ ದೊಡ್ಡ ಪ್ರಮಾಣದಲ್ಲಿ ಡಾಮರು ರಫ್ತು ಮಾಡುವ ದೇಶ. ಅದರ ಬಂದರ್ ಅಬ್ಬಾಸ್ ಇರುವುದು ಹೊರ್ಮುಜ್ ಜಲಸಂಧಿಯ ಆಚೆ ದಡದಲ್ಲಿ, ಯುಎಇ ಈಚೆ ದಡದಲ್ಲಿ. ಅಮೆರಿಕದ ನಿರ್ಬಂಧದಿಂದಾಗಿ ಇರಾನಿನ ಹೆಸರಿನಲ್ಲಿ ಮಾರಲಾಗದ ಮಾಲು ಈಚೆ ದಡದಲ್ಲಿ ಕಾಗದ ಬದಲಿಸಿಕೊಂಡು ಯುಎಇಯದೆಂದೋ ಇರಾಕಿನದೆಂದೋ ಹೊರಡುತ್ತದೆ. ಯುಎಇಯಿಂದ ಬರುವ ಡಾಮರೆಲ್ಲ ಹೀಗೆಯೇ ಎಂದಲ್ಲ. ಯಾವುದು ಹಾಗೆ, ಯಾವುದು ಹಾಗಲ್ಲ ಎಂದು ಹಣ ಕಳಿಸುವ ಮೊದಲೇ ತಿಳಿದುಕೊಳ್ಳುವ ಕ್ರಮ ಇಲ್ಲಿದೆ.

"ಭಾರತದಲ್ಲಿ ಅಪರಾಧ ಅಲ್ಲವಲ್ಲ?"

ಮಾರುವವರು ಮೊದಲು ಹೇಳುವ ಮಾತು ಇದು. ಅದರಲ್ಲಿ ಅರ್ಧ ನಿಜ. ಭಾರತವನ್ನು ಕಟ್ಟಿಹಾಕುವುದು ವಿಶ್ವಸಂಸ್ಥೆಯ ನಿರ್ಬಂಧಗಳು. ಯಾವುದೋ ದೇಶ ಏಕಪಕ್ಷೀಯವಾಗಿ ಹೇರಿದ್ದನ್ನು ನಾವು ಒಪ್ಪುವುದಿಲ್ಲ ಎಂಬುದು ವಿದೇಶಾಂಗ ಸಚಿವಾಲಯದ ನಿಲುವು. ಆದರೆ ಇರಾನಿನ ತೈಲ ಮತ್ತು ತೈಲೋತ್ಪನ್ನಗಳ ಮೇಲೆ ಅಮೆರಿಕ ಹೇರಿರುವುದು, 2018ರ ಆಗಸ್ಟಿನ 13846ನೇ ಅಧ್ಯಕ್ಷೀಯ ಆದೇಶವೂ ಸೇರಿದಂತೆ, ಅಮೆರಿಕದವರಲ್ಲದವರನ್ನೂ ಹಿಡಿಯುವ ನಿರ್ಬಂಧ. 2025ರ ಜುಲೈ 30ರಂದು ಇರಾನಿನ ಪೆಟ್ರೋಕೆಮಿಕಲ್ ಕೊಂಡದ್ದಕ್ಕಾಗಿ ಭಾರತದ ಆರು ಕಂಪನಿಗಳನ್ನು ಅಮೆರಿಕದ ವಿದೇಶಾಂಗ ಇಲಾಖೆ ನಿರ್ಬಂಧದ ಪಟ್ಟಿಗೆ ಸೇರಿಸಿತು. ಅವು ಇಲ್ಲಿನ ಯಾವ ಕಾನೂನನ್ನೂ ಮುರಿದಿರಬೇಕೆಂದೇನೂ ಇರಲಿಲ್ಲ. ಪಟ್ಟಿಗೆ ಸೇರಿದವರ ಡಾಲರ್ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಡಾಲರ್ ಬೇಕಾದ ಯಾವ ಬ್ಯಾಂಕೂ, ಯಾವ ವಿಮಾ ಕಂಪನಿಯೂ ಅವರನ್ನು ಹತ್ತಿರ ಸೇರಿಸುವುದಿಲ್ಲ.

ಹತ್ತಿರದ ಉದಾಹರಣೆ ಮಂಗಳೂರಿನದೇ. ಇಲ್ಲಿನ ರಿಫೈನರಿ ಎಂಆರ್‌ಪಿಎಲ್ ಹಿಂದೆ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಯಾಗಿತ್ತು. ಭಾರತಕ್ಕೆ ಸಿಕ್ಕಿದ್ದ ಅಮೆರಿಕದ ವಿನಾಯಿತಿ 2019ರ ಮೇ 2ಕ್ಕೆ ಮುಗಿಯಿತು; ದೇಶವೇ ಆ ಖರೀದಿ ನಿಲ್ಲಿಸಿತು. ಸಾರ್ವಜನಿಕ ರಂಗದ ರಿಫೈನರಿ ಹೊರಲಾಗದ ಅಪಾಯವನ್ನು ಎರಡು ಕಂಟೇನರ್ ತರಿಸುವ ಗುತ್ತಿಗೆದಾರ ಹೊರಬಲ್ಲ ಎಂದು ನಮಗೆ ಅನಿಸುವುದಿಲ್ಲ.

ವಿಶ್ವಸಂಸ್ಥೆಯ ಪದರವೂ ಮರಳಿ ಬಂದಿದೆ. ಇರಾನಿನ ಮೇಲಿನ ಹಳೆಯ ನಿರ್ಣಯಗಳು 2025ರ ಸೆಪ್ಟೆಂಬರ್ 28ರಂದು ಮತ್ತೆ ಜಾರಿಯಾದವು. ರಷ್ಯಾ, ಚೀನಾ, ಇರಾನ್ ಇದನ್ನು ಒಪ್ಪಿಲ್ಲ. ಆ ನಿರ್ಣಯಗಳು ಡಾಮರು ಕೊಳ್ಳುವುದನ್ನೇ ನಿಷೇಧಿಸುವುದಿಲ್ಲ, ಪಟ್ಟಿಯಲ್ಲಿರುವ ವ್ಯಕ್ತಿ ಮತ್ತು ಸಂಸ್ಥೆಗಳ ಜತೆಗಿನ ವ್ಯವಹಾರವನ್ನು ತಡೆಯುತ್ತವೆ. ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ ನಮ್ಮ 2005ರ ಕಾಯ್ದೆಗೆ 2022ರಲ್ಲಿ ಸೇರಿದ 12ಎ ಸೆಕ್ಷನ್ ಅಂಥವರ ಆಸ್ತಿ ಮುಟ್ಟುಗೋಲಿಗೆ ಸರಕಾರಕ್ಕೆ ಅಧಿಕಾರ ಕೊಟ್ಟಿದೆ. ಇದು ಭಾರತದ್ದೇ ಕಾನೂನು.

ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ಯಾರಿಗೆ, ಯಾವುದಕ್ಕೆ, ಎಂದಿನವರೆಗೆ ಎಂದು ಕೇಳಿ. ಪಕ್ಕದ ಇರಾನಿನಿಂದ ವಿದ್ಯುತ್ ಕೊಳ್ಳಲು ಇರಾಕಿಗೆ ವರ್ಷಗಟ್ಟಲೆ ಸಿಗುತ್ತಿದ್ದ ವಿನಾಯಿತಿಯನ್ನು ಅಮೆರಿಕ 2025ರ ಮಾರ್ಚಿನಲ್ಲಿ ನವೀಕರಿಸಲಿಲ್ಲ. ಇರಾನಿನ ಚಾಬಹಾರ್ ಬಂದರಿನ ಕೆಲಸಕ್ಕಿದ್ದ ವಿನಾಯಿತಿ 2025ರ ಸೆಪ್ಟೆಂಬರ್ 29ಕ್ಕೆ ರದ್ದೆಂದು ಘೋಷಣೆಯಾಗಿ, ಆಮೇಲೆ ಭಾರತಕ್ಕೆ ಆರು ತಿಂಗಳ ಮಟ್ಟಿಗೆ ಸಿಕ್ಕಿತು. ಒಂದು ಬಂದರಿನ ವಿನಾಯಿತಿ ಇನ್ನೊಬ್ಬರ ಡ್ರಮ್ಮಿಗೆ ಅನ್ವಯಿಸುವುದಿಲ್ಲ.

ಮೊದಲು ಕೇಳಬೇಕಾದ ಐದು ಸಂಗತಿ

ದರ ಒಪ್ಪುವ ಮೊದಲು, ಪ್ರೊಫಾರ್ಮಾ ಇನ್‌ವಾಯ್ಸ್ (ಮಾಲಿಗೆ ಮುಂಚೆ ಕಳಿಸುವ ಕರಡು ಬಿಲ್ಲು) ಬರುವ ಮೊದಲು, ಇದನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಸಿಕ್ಕ ಉತ್ತರ ಲೆಕ್ಕಕ್ಕಿಲ್ಲ, ಇಮೇಲ್ ಬೇಕು.

"ಡಾಮರು ತಯಾರಿಸಿದ ರಿಫೈನರಿಯ ಹೆಸರು ಮತ್ತು ಊರು ತಿಳಿಸಿ. ಹಡಗಿಗೆ ಮೊದಲು ತುಂಬುವ ಬಂದರು ಯಾವುದು? ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ, ಕಂಟೇನರ್ ಆದರೆ ಶಿಪ್ಪಿಂಗ್ ಲೈನ್ ಯಾವುದು? ನಿಮ್ಮ ಟ್ರೇಡ್ ಲೈಸೆನ್ಸಿನ ಪ್ರತಿ ಮತ್ತು ಮಾಲೀಕರ ಹೆಸರು ಕಳಿಸಿ. ಹಣ ಯಾವ ಹೆಸರಿನ ಖಾತೆಗೆ, ಯಾವ ಬ್ಯಾಂಕಿಗೆ?"

ಐಎಂಒ ಸಂಖ್ಯೆ ಎಂದರೆ ಹಡಗಿನ ಗುರುತು ಸಂಖ್ಯೆ. ಮೊದಲ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. "ಬಹ್ರೈನ್ ರಿಫೈನರಿ", "ಇರಾಕಿನ ಇಂಥ ಊರಿನ ರಿಫೈನರಿ" ಎಂದು ಬಂದರೆ ಅದನ್ನು ಹಿಡಿದು ಮುಂದೆ ಹೋಗಬಹುದು. "ಕೊಲ್ಲಿ ಮೂಲ", "ಮಿಡ್ಲ್ ಈಸ್ಟ್ ಮಾಲು", "ನಮ್ಮದೇ ಟರ್ಮಿನಲ್" ಎಂದಷ್ಟೇ ಬಂದರೆ ಅಲ್ಲಿಗೇ ಬಿಡಿ. ತಾನು ಮಾರುವ ಡಾಮರು ಎಲ್ಲಿ ತಯಾರಾಯಿತೆಂದು ಗೊತ್ತಿಲ್ಲದ ಸಗಟು ವ್ಯಾಪಾರಿ ಇರುವುದು ಅಪರೂಪ. ಹೇಳಲಾಗದವರೇ ಹೆಚ್ಚು.

ಪಟ್ಟಿಯಲ್ಲಿ ಹುಡುಕುವ ಬಗೆ

ಅಮೆರಿಕದ ಖಜಾನೆ ಇಲಾಖೆಯಲ್ಲಿ ನಿರ್ಬಂಧಗಳನ್ನು ನೋಡಿಕೊಳ್ಳುವ ಒಫ್ಯಾಕ್ ಕಚೇರಿಯ ಹುಡುಕು ಪುಟ ಉಚಿತ. ಇಲ್ಲಿ ಆಗುವ ಸಾಮಾನ್ಯ ತಪ್ಪೊಂದಿದೆ. ಹೆಸರು ಎಷ್ಟು ಹೊಂದಬೇಕೆಂಬ ಅಂಕ ಪುಟ ತೆರೆದಾಗ 100ರಲ್ಲಿ ನಿಂತಿರುತ್ತದೆ. ಎಂದರೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಫಲ. ಪರ್ಷಿಯನ್, ಅರಬಿ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಅದನ್ನು 85ರ ಆಸುಪಾಸಿಗೆ ಇಳಿಸಿ ಹುಡುಕಿ. ಹೆಚ್ಚು ಹೆಸರು ಬಂದರೆ ವಿಳಾಸ, ಹುಟ್ಟಿದ ವರ್ಷ, ನೋಂದಣಿ ಸಂಖ್ಯೆ ಹೋಲಿಸಿ ಒಂದೊಂದನ್ನೇ ತಳ್ಳಿಹಾಕಿ. ಕಂಪನಿಯ ಹೆಸರಿನಲ್ಲಿ "ಜನರಲ್ ಟ್ರೇಡಿಂಗ್", "ಎಫ್‌ಝಡ್‌ಇ", "ಎಲ್‌ಎಲ್‌ಸಿ" ಬಿಟ್ಟು ಮುಖ್ಯ ಪದದಿಂದ ಹುಡುಕಿ.

ಹುಡುಕಬೇಕಾದದ್ದು ಮಾರುವ ಕಂಪನಿಯನ್ನು ಮಾತ್ರವಲ್ಲ. ಅದರ ಮಾಲೀಕರು, ರಿಫೈನರಿ, ಹಡಗು, ಹಡಗಿನ ಮಾಲೀಕ ಕಂಪನಿ, ಅದನ್ನು ನಡೆಸುವ ಕಂಪನಿ, ಹಣ ಪಡೆಯುವ ಖಾತೆದಾರ, ಬ್ಯಾಂಕ್ ಎಲ್ಲವೂ ಬೇಕು. ಹಡಗನ್ನು ಹೆಸರಿನಿಂದ ಹುಡುಕಿ ಪ್ರಯೋಜನ ಕಡಿಮೆ, ಹೆಸರು ವರ್ಷಕ್ಕೆರಡು ಸಲ ಬದಲಾಗಬಹುದು. ಐಎಂಒ ಸಂಖ್ಯೆ ಹಡಗು ಗುಜರಿಗೆ ಹೋಗುವವರೆಗೂ ಒಂದೇ. ಅದನ್ನು ಗುರುತು ಸಂಖ್ಯೆಯ ಜಾಗದಲ್ಲಿ ಹಾಕಿ.

ಪಟ್ಟಿಯಲ್ಲಿ ಕಂಪನಿಯ ಹೆಸರಿಲ್ಲದಿದ್ದರೂ ಮುಗಿಯಲಿಲ್ಲ. ಪಟ್ಟಿಯಲ್ಲಿರುವವರ ಪಾಲು, ಒಬ್ಬರದೋ ಹಲವರದೋ ಕೂಡಿಸಿ, 50 ಶೇಕಡಾ ಅಥವಾ ಹೆಚ್ಚಿದ್ದರೆ ಆ ಕಂಪನಿಯೂ ನಿರ್ಬಂಧಿತವೇ. 30 ಮತ್ತು 20 ಶೇಕಡಾ ಇಬ್ಬರು ನಿರ್ಬಂಧಿತರ ಕೈಯಲ್ಲಿದ್ದರೆ ಲೆಕ್ಕ ತುಂಬಿತು. ಅದಕ್ಕೇ ಪಾಲುದಾರರ ವಿವರ ಕೇಳುವುದು. ವಿಶ್ವಸಂಸ್ಥೆಯ ಏಕೀಕೃತ ಪಟ್ಟಿಯಲ್ಲೂ ಇದೇ ಹೆಸರುಗಳನ್ನು ನೋಡಿ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ ಪಟ್ಟಿಗಳು ಮುಖ್ಯವಾಗುವುದು ಹಡಗಿನ ವಿಮೆ ಆ ಕಡೆಯದಾಗಿದ್ದರೆ, ಅಥವಾ ಮಾಲಿಗೆ ರಷ್ಯಾದ ನಂಟಿದ್ದರೆ.

ಹುಡುಕಿದ ಪುಟವನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಡಿ. ಮುಂಗಡದ ದಿನ ಒಮ್ಮೆ, ಹಡಗು ಹೊರಟ ದಿನ ಒಮ್ಮೆ, ಬಾಕಿ ಹಣ ಕಳಿಸುವ ದಿನ ಮತ್ತೊಮ್ಮೆ. ಪಟ್ಟಿ ಎಂದು ಬೇಕಾದರೂ ಬದಲಾಗುತ್ತದೆ.

ಮೂಲ ಪ್ರಮಾಣಪತ್ರ ಮತ್ತು ಬಿ.ಎಲ್.

ಯುಎಇಯಿಂದ ಎರಡು ಬಗೆಯ ಮೂಲ ಪ್ರಮಾಣಪತ್ರ ಬರುತ್ತದೆ. ಸಾಮಾನ್ಯದ್ದನ್ನು ಅಲ್ಲಿನ ಚೇಂಬರ್ ಆಫ್ ಕಾಮರ್ಸ್ ಕೊಡುತ್ತದೆ. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ಒಪ್ಪಂದದಡಿ ಸುಂಕ ರಿಯಾಯಿತಿ ಬೇಕಿದ್ದರೆ ಅಲ್ಲಿನ ಸರಕಾರದ ಸಚಿವಾಲಯ ಕೊಟ್ಟದ್ದು ಬೇಕು. ಯಾವುದೇ ಆದರೂ ಅದರ ಸಂಖ್ಯೆಯನ್ನು ಕೊಟ್ಟ ಸಂಸ್ಥೆಯ ಜಾಲತಾಣದಲ್ಲೇ ಹಾಕಿ ನೋಡಿ. ಕಾಗದದ ಮೇಲಿನ ಕ್ಯೂಆರ್ ಕೋಡನ್ನು ನಂಬಿ ಸುಮ್ಮನಾಗಬೇಡಿ; ಖೋಟಾ ಕಾಗದದ ಕ್ಯೂಆರ್ ಖೋಟಾ ಪುಟಕ್ಕೇ ಕರೆದೊಯ್ಯುತ್ತದೆ. ಅಸಲಿ ಪ್ರಮಾಣಪತ್ರವೂ ಮಾರುವವರು ಕೊಟ್ಟ ಹೇಳಿಕೆಯ ಮೇಲೆ ನಿಂತದ್ದು. ಹಾಗಾಗಿ ಅದೊಂದೇ ಸಾಕ್ಷಿಯಾಗುವುದಿಲ್ಲ.

ರಿಯಾಯಿತಿ ಸುಂಕ ಕೇಳುವವರಿಗೆ ಮಾಲಿನ ಮೂಲದ ಕುರಿತ ನಮ್ಮ ಕಸ್ಟಮ್ಸಿನ 2020ರ ಕ್ಯಾರೋಟಾರ್ ನಿಯಮಗಳು ಅನ್ವಯಿಸುತ್ತವೆ. ಮಾಲು ಎಲ್ಲಿ ಹೇಗೆ ತಯಾರಾಯಿತು, ಯಾವ ಆಧಾರದಲ್ಲಿ ಅದು ಆ ದೇಶದ್ದಾಯಿತು ಎಂಬುದನ್ನು ಫಾರ್ಮ್ 1ರಲ್ಲಿ ಆಮದುದಾರರೇ ತುಂಬಿ ಇಟ್ಟಿರಬೇಕು. ಕಸ್ಟಮ್ಸ್ ಕೇಳಿದಾಗ "ಮಾರಿದವರಿಗೆ ಗೊತ್ತು" ಎಂದರೆ ನಡೆಯುವುದಿಲ್ಲ. ಈ ಫಾರ್ಮನ್ನೇ ಮಾರುವವರಿಗೆ ಕಳಿಸಿ, "ನಮ್ಮ ಕಸ್ಟಮ್ಸಿಗೆ ಇಷ್ಟು ಬೇಕು" ಎಂದು ಕೇಳುವುದು ಒಳ್ಳೆಯ ಉಪಾಯ. ರಿಯಾಯಿತಿ ಬೇಡದಿದ್ದರೂ ಕೇಳಿ.

ಬಿ.ಎಲ್., ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ನೋಡಬೇಕಾದದ್ದು ಮಾಲು ತುಂಬಿದ ಬಂದರು, ತುಂಬಿದ ದಿನ, ಕಳಿಸಿದವರ ಹೆಸರು. ಇಲ್ಲಿ "ಸ್ವಿಚ್ ಬಿ.ಎಲ್." ಎಂಬುದನ್ನು ತಿಳಿದಿರಬೇಕು. ಮೊದಲ ಬಿ.ಎಲ್. ವಾಪಸ್ ಪಡೆದು ದುಬೈಯಲ್ಲಿ ಎರಡನೆಯದನ್ನು ಕೊಡುತ್ತಾರೆ. ಮಾರುವವರು ತಮಗೆ ಮಾಲು ಕೊಟ್ಟವರ ಹೆಸರನ್ನು ಗಿರಾಕಿಗೆ ತೋರಿಸದಿರಲು ಹೀಗೆ ಮಾಡುವುದು ಅಕ್ರಮವೇನಲ್ಲ. ಆದರೆ ತುಂಬಿದ ಬಂದರಿನ ಹೆಸರನ್ನೇ ಬದಲಿಸಿದ್ದರೆ ಅದು ಸುಳ್ಳು ಕಾಗದ. ಮೊದಲ ಬಿ.ಎಲ್. ಪ್ರತಿ ಕೊಡಿ, ಪೂರೈಕೆದಾರರ ಹೆಸರು ಬೇಕಾದರೆ ಮುಚ್ಚಿ, ಬಂದರು ಮತ್ತು ದಿನಾಂಕ ಕಾಣಲಿ ಎಂದು ಕೇಳಿ. ಅದಕ್ಕೂ ಒಪ್ಪದವರಿಗೆ ಮುಚ್ಚಿಡಲು ಬೇರೇನೋ ಇದೆ.

ಕಂಟೇನರ್ ಸಂಖ್ಯೆ ನಾಲ್ಕು ಅಕ್ಷರ, ಏಳು ಅಂಕೆ. ಅದನ್ನು ಶಿಪ್ಪಿಂಗ್ ಲೈನಿನ ತಾಣದಲ್ಲಿ ಹಾಕಿದರೆ ಖಾಲಿ ಕಂಟೇನರ್ ಎಲ್ಲಿಂದ ಹೊರಬಂತು, ತುಂಬಿದ್ದು ಯಾವ ದಿನ ಯಾರ್ಡಿಗೆ ಬಂತು ಎಂದು ತೋರಿಸುತ್ತದೆ. ದುಬೈಯ ಜಬೆಲ್ ಅಲಿ ಬಂದರಿನಲ್ಲಿ ತುಂಬಿದ್ದೆಂದು ಕಾಗದ ಹೇಳಿ, ತಾಣದ ದಾಖಲೆ ಬೇರೆ ಬಂದರು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಇದೂ ಪೂರ್ತಿ ರಕ್ಷಣೆಯಲ್ಲ: ಇರಾನಿನಿಂದ ಮಂಜಿಯಲ್ಲಿ ಬಂದ ಡ್ರಮ್ಮುಗಳನ್ನು ಶಾರ್ಜಾದ ಗೋದಾಮಿನಲ್ಲಿ ಕಂಟೇನರಿಗೆ ತುಂಬಿಸಿದರೆ ದಾಖಲೆ ಸ್ವಚ್ಛವಾಗಿಯೇ ಕಾಣುತ್ತದೆ. ಅದಕ್ಕೇ ರಿಫೈನರಿಯ ಗೇಟ್ ಪಾಸ್ ಅಥವಾ ಡೆಲಿವರಿ ನೋಟ್ ಬೇಕು. ಅದರ ತೂಕ, ಡ್ರಮ್ಮಿನ ಎಣಿಕೆ, ಬ್ಯಾಚ್ ಸಂಖ್ಯೆ ಪ್ಯಾಕಿಂಗ್ ಲಿಸ್ಟಿಗೆ ಹೊಂದಬೇಕು. 20 ಅಡಿಯ ಕಂಟೇನರಿಗೆ 110 ಡ್ರಮ್ ಹಿಡಿದರೆ 19.8 ಟನ್. ಎಣಿಕೆ ಇದಕ್ಕಿಂತ ತೀರ ಆಚೀಚೆ ಇದ್ದರೆ ಕಾರಣ ಕೇಳಿ. ಬಂದರಿನಲ್ಲಿ ಸೀಲ್ ಒಡೆಯುವ ಮುನ್ನ ಅದರ ಸಂಖ್ಯೆಯ ಫೋಟೋ ತೆಗೆಯಿರಿ. ಹೊಸ ಸ್ಟಿಕರಿನಡಿ ಹಳೆಯ ಮುದ್ರೆ, ಒರೆಸಿದ ಬಣ್ಣ ಇದೆಯೇ ನೋಡಿ.

ಹಡಗು ನಿಜಕ್ಕೂ ಅಲ್ಲಿ ತುಂಬಿತೇ?

ಕಾರವಾರ, ಪಣಂಬೂರಿಗೆ ಬರುವ ಬಿಸಿ ಡಾಮರಿನ ಟ್ಯಾಂಕರಿನಿಂದ ಕೊಳ್ಳುವವರಿಗೆ ಈ ಭಾಗ ಮುಖ್ಯ.

ಐಎಂಒ ಸಂಖ್ಯೆ ಏಳಂಕಿ. ಮೊದಲ ಆರು ಅಂಕೆಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕೆ ಏಳನೆಯ ಅಂಕೆಗೆ ಸಮನಾಗಬೇಕು. 1234567 ತೆಗೆದುಕೊಳ್ಳಿ: 7, 12, 15, 16, 15, 12 ಕೂಡಿದರೆ 77, ಕೊನೆಯ ಅಂಕೆ 7, ಸರಿಹೊಂದಿತು. ಸುಮ್ಮನೆ ಬರೆದ ಸಂಖ್ಯೆಯೂ ಹೊಂದಿತಲ್ಲ! ಈ ಲೆಕ್ಕ ಕೈತಪ್ಪನ್ನೂ ಅಡ್ಡಾದಿಡ್ಡಿ ಖೋಟಾವನ್ನೂ ಹಿಡಿಯುತ್ತದೆ, ಅಷ್ಟೇ. ಸಂಖ್ಯೆ ಆ ಹಡಗಿನದೇ ಎಂದು ಹಡಗು ನೋಂದಣಿಯ ದತ್ತಾಂಶದಲ್ಲಿ ಹೆಸರು, ಕಟ್ಟಿದ ವರ್ಷ, ಬಗೆ ನೋಡಿ ಖಚಿತಮಾಡಿಕೊಳ್ಳಬೇಕು.

ಆಮೇಲೆ ಎಐಎಸ್ ಜಾಡು, ಅಂದರೆ ಹಡಗು ತಾನಿರುವ ಜಾಗವನ್ನು ರೇಡಿಯೋದಲ್ಲಿ ತಿಳಿಸುತ್ತ ಹೋಗುವ ಸಂಕೇತದ ದಾಖಲೆ. ಹಡಗುಗಳನ್ನು ತೋರಿಸುವ ತಾಣಗಳಲ್ಲಿ ಹಿಂದಿನ ಒಂದು ತಿಂಗಳ ಹಾದಿ ತೆಗೆಸಿ; ಹಣ ಕೊಡಬೇಕಾದರೂ ಕೊಡಿ. ಹಡಗಿನ ರೇಡಿಯೋ ಗುರುತಾದ ಎಂಎಂಎಸ್‌ಐ ಸಂಖ್ಯೆಯ ಮೊದಲ ಮೂರಂಕಿ ಧ್ವಜದ ದೇಶ ಹೇಳುತ್ತದೆ: ಇರಾನ್ 422, ಯುಎಇ 470, ಭಾರತ 419. ಒಂದೆರಡು ವರ್ಷದಲ್ಲಿ ಧ್ವಜ ಮೂರ್ನಾಲ್ಕು ಸಲ ಬದಲಾದ ಹಡಗಿನಿಂದ ದೂರ ಇರಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಮುಳುಗಿದ ಆಳ. ಖಾಲಿ ಹಡಗು ಮೇಲೆ ತೇಲುತ್ತದೆ, ತುಂಬಿದ್ದು ಇಳಿಯುತ್ತದೆ. ಯುಎಇ ಬಂದರಿಗೆ ಬರುವಾಗಲೇ ಇಳಿದಿದ್ದು, ಹೊರಡುವಾಗಲೂ ಅಷ್ಟೇ ಇದ್ದರೆ ಅದು ಅಲ್ಲಿ ಏನನ್ನೂ ತುಂಬಿಕೊಂಡಿಲ್ಲ, ಕಾಗದ ಮಾಡಿಸಿಕೊಂಡಿತು. ಡ್ರಾಫ್ಟ್ ಅಂಕಿಯನ್ನು ಹಡಗಿನವರೇ ಕೈಯಿಂದ ತುಂಬುವುದರಿಂದ ಅದನ್ನು ಟರ್ಮಿನಲ್ಲಿನ ಲೋಡಿಂಗ್ ರಿಪೋರ್ಟಿನ ಜತೆ ಇಟ್ಟು ನೋಡಬೇಕು.

ಎಐಎಸ್ ನಡುವೆ ಕಡಿದುಹೋದರೆ? ಕೊಲ್ಲಿಯಲ್ಲಿ ಜಿಪಿಎಸ್‌ಗೆ ಅಡ್ಡಿಯಾಗುವುದು ಇದೆ, 2025ರ ಜೂನಿನ ಇಸ್ರೇಲ್–ಇರಾನ್ ಯುದ್ಧದ ಹೊತ್ತಿನಲ್ಲಿ ಹೊರ್ಮುಜ್ ಆಸುಪಾಸು ನೂರಾರು ಹಡಗುಗಳ ಜಾಡು ಎಲ್ಲೆಲ್ಲೋ ತೋರಿತ್ತು. ಕೆಲವು ತಾಸಿನ ಕಡಿತವನ್ನೇ ಕಳ್ಳತನ ಎನ್ನಲಾಗದು. ಆದರೆ ಎರಡು ಮೂರು ದಿನ ಮಾಯವಾಗಿ, ಮತ್ತೆ ಕಾಣಿಸಿಕೊಂಡಾಗ ಡ್ರಾಫ್ಟ್ ಹೆಚ್ಚಿದ್ದರೆ ವಿವರಣೆ ಕೇಳಲೇಬೇಕು. 12 ನಾಟ್ ವೇಗದ ಹಡಗು ದಿನಕ್ಕೆ 288 ನಾಟಿಕಲ್ ಮೈಲಿ ಹೋಗುತ್ತದೆ. ಕಳೆದುಹೋದ ತಾಸುಗಳಲ್ಲಿ ಇರಾನಿನ ದಡ ಮುಟ್ಟಿ ಬರಲು ಸಾಧ್ಯವಿತ್ತೇ ಎಂದು ನೀವೇ ಲೆಕ್ಕ ಹಾಕಬಹುದು.

ಹಣದ ದಾರಿ

ಇನ್‌ವಾಯ್ಸಿನ ಹೆಸರು, ಬಿ.ಎಲ್.ನಲ್ಲಿ ಕಳಿಸಿದವರ ಹೆಸರು, ಖಾತೆಯ ಹೆಸರು ಒಂದೇ ಇರಬೇಕು. "ಈ ಸಲ ನಮ್ಮ ಇನ್ನೊಂದು ಕಂಪನಿಯ ಖಾತೆಗೆ ಹಾಕಿ" ಎಂಬ ಮಾತು ಬಂತೆಂದರೆ ಎರಡು ಸಾಧ್ಯತೆ: ಅವರ ಬ್ಯಾಂಕ್ ಖಾತೆ ಮುಚ್ಚಿದೆ, ಅಥವಾ ಇಮೇಲ್ ಕದ್ದವರು ನಿಮಗೆ ಬರೆಯುತ್ತಿದ್ದಾರೆ. ಎರಡರಲ್ಲೂ ಹಣ ಕಳಿಸಬಾರದು. ಹವಾಲಾ ಮಾತು ಬಂದರೆ ಅದು ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ಉಲ್ಲಂಘನೆ, ಚರ್ಚೆಯೇ ಬೇಡ.

ದಿರ್ಹಮಿನಲ್ಲೋ ರೂಪಾಯಿಯಲ್ಲೋ ಕೊಟ್ಟರೆ ಅಮೆರಿಕಕ್ಕೇನು ಸಂಬಂಧ ಎನ್ನುವವರಿದ್ದಾರೆ. ಡಾಲರಿನಲ್ಲಿ ಹೋದರೆ ನ್ಯೂಯಾರ್ಕಿನ ಬ್ಯಾಂಕ್ ಹಣವನ್ನು ತಡೆದು ಇಟ್ಟುಕೊಳ್ಳಬಹುದು, ಅದು ವಾಪಸ್ ಬರಲು ಪರವಾನಗಿ ಬೇಕು. ಬೇರೆ ಕರೆನ್ಸಿಯಲ್ಲಿ ಆ ತಡೆ ತಪ್ಪಬಹುದು, ಪಟ್ಟಿಗೆ ಸೇರುವ ಅಪಾಯ ತಪ್ಪುವುದಿಲ್ಲ. ರೂಪಾಯಿಯಲ್ಲಿ ಲೆಕ್ಕ ಚುಕ್ತಾ ಮಾಡಲು ರಿಸರ್ವ್ ಬ್ಯಾಂಕ್ 2022ರ ಜುಲೈ 11ರಂದು ತೆರೆದ ವೊಸ್ಟ್ರೋ ಖಾತೆಯ (ವಿದೇಶಿ ಬ್ಯಾಂಕ್ ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ದಾರಿಯೂ ಮಾಲಿನ ಮೂಲವನ್ನು ಬದಲಿಸದು.

ಕಾಸರಗೋಡಿನವರಿಗೆ ಇನ್ನೊಂದು ಮಾತು ಮನಸ್ಸಿಟ್ಟು ಹೇಳಬೇಕು. ಕೊಲ್ಲಿಯಲ್ಲಿ ಅಂಗಡಿಯೋ ಸಣ್ಣ ಟ್ರೇಡಿಂಗ್ ಲೈಸೆನ್ಸೋ ಇರುವ ತಮ್ಮ, ಭಾವ, ಅಳಿಯನ ಖಾತೆಯ ಮೂಲಕ ಹಣ ದಾಟಿಸಲು ಕೇಳಬೇಡಿ, ಅವರು ಕೊಡುತ್ತೇನೆಂದರೂ ಒಪ್ಪಬೇಡಿ. ಮೊದಲು ಮುಚ್ಚುವುದು ಅವರ ಖಾತೆ. ಸಂಬಳ, ಬಾಡಿಗೆ, ವೀಸಾ ನವೀಕರಣ ಎಲ್ಲ ಆ ಖಾತೆಗೇ ಕಟ್ಟಿಕೊಂಡಿರುತ್ತದೆ.

ಲಾಭದ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ. ಟನ್ನಿಗೆ 3,000 ರೂಪಾಯಿ ಉಳಿಯುತ್ತದೆಂದರೂ ಒಂದು ಕಂಟೇನರಿಗೆ 59,400 ರೂಪಾಯಿ. ಖಾತೆಗೆ ತಡೆ ಬಿದ್ದು ಮಾರ್ಚಿನಲ್ಲಿ ಪಂಚಾಯತ್ ಬಿಲ್ಲು ಬರದಿದ್ದರೆ, ಆಳುಗಳ ಒಂದು ವಾರದ ಸಂಬಳಕ್ಕೂ ಅದು ಸಾಲದು.

ಹೈ ಸೀ ಸೇಲ್ ಬಲೆ

ನಮ್ಮ ಕಡೆ ನೇರವಾಗಿ ಆಮದು ಮಾಡುವವರು ಕಡಿಮೆ. ಮಂಗಳೂರು, ಕೊಚ್ಚಿಯ ಆಮದುದಾರರಿಂದ ಕೊಳ್ಳುವವರೇ ಹೆಚ್ಚು. ಮಾಲು ಕಸ್ಟಮ್ಸ್ ದಾಟಿದ ಮೇಲೆ ಜಿಎಸ್‌ಟಿ ಬಿಲ್ಲಿನಲ್ಲಿ ಕೊಂಡರೆ ಆಮದಿನ ಹೊಣೆ ಅವರದು. "ಹೈ ಸೀ ಸೇಲ್ ಮಾಡಿಕೊಡುತ್ತೇವೆ, ಇನ್ನೂ ಕಡಿಮೆಗೆ ಬರುತ್ತದೆ" ಎಂದರೆ ಹಾಗಲ್ಲ. ಹಡಗು ಸಮುದ್ರದಲ್ಲಿರುವಾಗಲೇ ಮಾಲು ನಿಮ್ಮ ಹೆಸರಿಗೆ ಬರುತ್ತದೆ, ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿ ನಿಮ್ಮ ಐಇಸಿಯಲ್ಲಿ (ಆಮದು–ರಫ್ತು ಕೋಡ್) ಸಲ್ಲಿಕೆಯಾಗುತ್ತದೆ, ಮೂಲದ ಬಗ್ಗೆ ಹೇಳಿಕೆ ಕೊಟ್ಟವರು ನೀವಾಗುತ್ತೀರಿ. ಸಂಶಯದ ಮಾಲನ್ನು ಹೆಗಲಿನಿಂದ ಇಳಿಸಲು ಇದು ಸುಲಭದ ದಾರಿ. ಮೇಲೆ ಹೇಳಿದ ಎಲ್ಲ ಕಾಗದ ಕೈಗೆ ಬರದೆ ಸಹಿ ಹಾಕಬೇಡಿ.

ಒಪ್ಪಂದದಲ್ಲಿ ಇಷ್ಟಿರಲಿ: ಮಾಲು, ಹಡಗು, ಮಾಲೀಕರು ಯಾವ ನಿರ್ಬಂಧ ಪಟ್ಟಿಗೂ ಸೇರಿಲ್ಲವೆಂಬ ಮಾರುವವರ ಖಾತರಿ, ಮೂಲದ ಕಾಗದ ಸುಳ್ಳಾದರೆ ಪೂರ್ತಿ ಹಣ ವಾಪಸ್, ಬ್ಯಾಂಕ್ ಹಣ ತಡೆದರೆ ತಡವಾದದ್ದಕ್ಕೆ ನಮಗೆ ದಂಡವಿಲ್ಲ, ಸಂಶಯ ಬಂದರೆ ನಾವು ಪಾವತಿ ನಿಲ್ಲಿಸಬಹುದು.

ಗುಣಮಟ್ಟವೂ ಮೂಲದ ಸುಳಿವು ಕೊಡುತ್ತದೆ

60/70 ಎಂಬುದು ಸೂಜಿ ಇಳಿಯುವ ಅಳತೆಯ ದರ್ಜೆ. ಇಲ್ಲಿನ ಟೆಂಡರುಗಳು ಕೇಳುವುದು ಐಎಸ್ 73ರ ವಿಜಿ-30, ಅದು ಸ್ನಿಗ್ಧತೆಯ ದರ್ಜೆ. ಒಂದು ಇನ್ನೊಂದಾಗಿಬಿಡುವುದಿಲ್ಲ. ವಿಜಿ-30ಕ್ಕೆ 60 ಡಿಗ್ರಿಯಲ್ಲಿ ಸ್ನಿಗ್ಧತೆ 2,400ರಿಂದ 3,600 ಪಾಯ್ಸ್, 25 ಡಿಗ್ರಿಯಲ್ಲಿ ಪೆನೆಟ್ರೇಷನ್ (ಸೂಜಿ ಇಳಿಯುವ ಅಳತೆ) ಕನಿಷ್ಠ 45, ಮೆದುವಾಗುವ ಉಷ್ಣತೆ ಕನಿಷ್ಠ 47 ಡಿಗ್ರಿ, ಫ್ಲ್ಯಾಶ್ ಪಾಯಿಂಟ್ ಕನಿಷ್ಠ 220 ಡಿಗ್ರಿ ಬೇಕು. ಟ್ರೈಕ್ಲೋರೋಎಥಿಲೀನಿನಲ್ಲಿ 99 ಶೇಕಡಾ ಕರಗಬೇಕು. ಕಲ್ಲುಪುಡಿ ಬೆರೆಸಿದ್ದರೆ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ. ಒಂದೇ ಬ್ಯಾಚ್ ಎಂದ ಡ್ರಮ್ಮುಗಳ ಫಲಿತಾಂಶ ಒಂದಕ್ಕೊಂದು ದೂರವಿದ್ದರೆ ಅವು ಬೇರೆ ಬೇರೆ ಕಡೆಯಿಂದ ಒಟ್ಟುಹಾಕಿದವು, ಆಗ ಮೂಲದ ಕಾಗದವೂ ಸಂಶಯಕ್ಕೆ ಒಳಗಾಯಿತು. ಸಾರ್ವಜನಿಕ ರಂಗದ ರಿಫೈನರಿಯದ್ದೇ ಬೇಕೆಂದು ಟೆಂಡರಿನಲ್ಲಿದ್ದರೆ ಈ ಯಾವ ತಲೆಬಿಸಿಯೂ ಬೇಡ, ಆಮದಿನ ಕಡೆ ಹೋಗಲೇಬೇಡಿ.

ನಡುದಾರಿಯಲ್ಲಿ ಹೆಸರು ಪಟ್ಟಿಗೆ ಸೇರಿದರೆ

ಮುಂಗಡ ಕೊಟ್ಟಾಗಿದೆ, ಹಡಗು ಹೊರಟಿದೆ, ಅಷ್ಟರಲ್ಲಿ ಮಾರುವವರದೋ ಹಡಗಿನದೋ ಹೆಸರು ಪಟ್ಟಿಗೆ ಬಂತು. ಮೊದಲ ಕೆಲಸ ಬಾಕಿ ಹಣ ನಿಲ್ಲಿಸುವುದು. ಎರಡನೆಯದು ಅದೇ ದಿನ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಗೆ ಬರಹದಲ್ಲಿ ತಿಳಿಸುವುದು. ಹಳೆಯ ವ್ಯವಹಾರ ಮುಗಿಸಲು ಒಫ್ಯಾಕ್ ಕೆಲವೊಮ್ಮೆ ಗಡುವಿನ ಸಾಮಾನ್ಯ ಪರವಾನಗಿ ಕೊಡುತ್ತದೆ; ಅದಿದೆಯೇ, ನಿಮ್ಮ ಮಾಲು ಅದರಡಿ ಬರುತ್ತದೆಯೇ ಎಂದು ವಕೀಲರ ಹತ್ತಿರ ಓದಿಸಿ. ಮಾಡಲೇಬಾರದ್ದು ಬೇರೆ ಹೆಸರಿನಲ್ಲಿ ಹೊಸ ಇನ್‌ವಾಯ್ಸ್ ಮಾಡಿಸುವುದು, ದಿನಾಂಕ ಹಿಂದಕ್ಕೆ ಹಾಕುವುದು, ಇನ್ನೊಬ್ಬರ ಖಾತೆಯಿಂದ ಕಳಿಸುವುದು. ತಿಳಿಯದೆ ಸಿಕ್ಕಿಕೊಂಡವರಿಗೂ ತಿಳಿದು ಮುಚ್ಚಿಟ್ಟವರಿಗೂ ಇರುವ ವ್ಯತ್ಯಾಸ ಆ ಒಂದು ಕಾಗದದಲ್ಲಿ ಅಳಿಸಿಹೋಗುತ್ತದೆ.

ತಲಪಾಡಿ ದಾಟುವಾಗ, ಆಮೇಲೆ

ಪಣಂಬೂರಿನಿಂದ ಬರುವ ಲಾರಿಯಲ್ಲಿ ಜಿಎಸ್‌ಟಿ ಇನ್‌ವಾಯ್ಸ್, ಇ-ವೇ ಬಿಲ್, ಬಿಲ್ ಆಫ್ ಎಂಟ್ರಿಯ ಪ್ರತಿ, ಪರೀಕ್ಷಾ ವರದಿ ಇರಲಿ. ಎಲ್ಲದರಲ್ಲೂ ಎಚ್‌ಎಸ್‌ಎನ್ 27132000, ಡ್ರಮ್ಮಿನ ಎಣಿಕೆ, ತೂಕ ಒಂದೇ ಇರಬೇಕು. 200 ಕಿಲೋಮೀಟರಿನೊಳಗಿನ ದಾರಿಗೆ ಇ-ವೇ ಬಿಲ್ಲಿನ ಅವಧಿ ಒಂದು ದಿನ. ಲಾರಿ ಬಂದರಿನಲ್ಲೇ ತಡವಾದರೆ ಅವಧಿ ಮುಗಿಯುವ ಮುನ್ನ ವಿಸ್ತರಿಸಿ.

ಪ್ರತಿ ಖರೀದಿಗೂ ಒಂದು ಫೈಲು ಮಾಡಿ. ಇಮೇಲುಗಳು, ಪಟ್ಟಿ ಹುಡುಕಿದ ಪಿಡಿಎಫ್, ಎರಡೂ ಬಿ.ಎಲ್., ಮೂಲ ಪ್ರಮಾಣಪತ್ರ, ಹಡಗಿನ ಜಾಡು, ಗೇಟ್ ಪಾಸ್, ಸೀಲಿನ ಫೋಟೋ, ಬ್ಯಾಂಕ್ ಪಾವತಿಯ ಸ್ವಿಫ್ಟ್ ಪ್ರತಿ ಎಲ್ಲ ಅದರಲ್ಲಿರಲಿ. ಕ್ಯಾರೋಟಾರ್ ಕೇಳುವುದು ಐದು ವರ್ಷ. ಅಮೆರಿಕದ ನಿರ್ಬಂಧ ನಿಯಮಗಳಲ್ಲಿ ದಾಖಲೆ ಇಡುವ ಅವಧಿ 2025ರ ಮಾರ್ಚ್ 12ರಿಂದ ಹತ್ತು ವರ್ಷವಾಗಿದೆ, ವಿದೇಶಿ ಬ್ಯಾಂಕ್ ಪ್ರಶ್ನೆ ಕೇಳುವುದೂ ಆ ಲೆಕ್ಕದಲ್ಲೇ. ಹಾಗಾಗಿ ಹತ್ತು ವರ್ಷ ಇಡಿ. ಕಾಗದದ ಪ್ರತಿ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ.